ನೋವು ಕೈಯಲ್ಲಿ, ಸೂಜಿ ಕುತ್ತಿಗೆಗೆ ಏಕೆ?

ಪ್ರಶ್ನೆ: ಅಮ್ಮನ ಮಣಿಕಟ್ಟಿನ ಮೂಳೆ ಮುರಿದದ್ದು ಕೂಡಿಕೊಂಡಿದೆ. ಪ್ಲಾಸ್ಟರ್ ಬಿಚ್ಚಿ ನಾಲ್ಕು ತಿಂಗಳಾದರೂ ಕೈ ಉರಿಯುತ್ತದೆ, ಊದುತ್ತದೆ. ಬಟ್ಟೆ ಸೋಕಿದರೂ ಚೀರುತ್ತಾರೆ. ಸಿಆರ್‌ಪಿಎಸ್ (ಪೆಟ್ಟು ವಾಸಿಯಾದ ಮೇಲೂ ನೋವು ಬಿಡದ ಕಾಯಿಲೆ) ಎಂದ ವೈದ್ಯರು ಕುತ್ತಿಗೆಗೆ ನರ್ವ್ ಬ್ಲಾಕ್ (ನರದ ಸಂದೇಶವನ್ನು ತಡೆಯುವ ಇಂಜೆಕ್ಷನ್) ಸೂಚಿಸಿದ್ದಾರೆ. ಕುತ್ತಿಗೆಗೇಕೆ? ಒಂದೇ ಇಂಜೆಕ್ಷನ್‌ಗೆ ವಾಸಿಯಾದೀತೆ?

ಉತ್ತರ: ಕೈಯ ರಕ್ತನಾಳ, ಬೆವರುಗಳನ್ನು ಹಿಡಿತದಲ್ಲಿಡುವ ಸಿಂಪಥೆಟಿಕ್ ನರಗಳಲ್ಲಿ ಬಹುಪಾಲು ಕುತ್ತಿಗೆಯ ಬುಡದ ಸ್ಟೆಲೇಟ್ ಗ್ಯಾಂಗ್ಲಿಯಾನ್ ಎಂಬ ನರಗಂಟನ್ನು ಹಾದು ಬರುತ್ತವೆ. ಈ ಕಾಯಿಲೆಯ ಕೆಲವರಲ್ಲಿ ನೋವನ್ನು ಕೆರಳಿಸುವುದು ಅವೇ. (ಕಾಲಿನ ನೋವಾದರೆ ಸೂಜಿ ಸೊಂಟದ ಕಶೇರುಕಗಳ ಪಕ್ಕಕ್ಕೆ.) ಕೆಲವರಲ್ಲಿ ಮಾತ್ರ, ನೆನಪಿರಲಿ, ಈ ಚಿಕಿತ್ಸೆಯ ಪರವಾದ ಪುರಾವೆ ಅಷ್ಟೇನೂ ಗಟ್ಟಿಯಿಲ್ಲ.

ಗಂಟಿನ ಪಕ್ಕದಲ್ಲೇ ಶ್ವಾಸಕೋಶದ ತುದಿಯಿದೆ. ಆದ್ದರಿಂದ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ, ಕುತ್ತಿಗೆಯ ಆರನೆಯ ಕಶೇರುಕದ ಮಟ್ಟದಲ್ಲಿ 5ರಿಂದ 10 ಮಿ.ಲೀ. ಅರಿವಳಿಕೆ ಔಷಧಿ ಬಿಟ್ಟು ಅದು ಕೆಳಗಿಳಿಯುವಂತೆ ಮಾಡುತ್ತಾರೆ. ಮಿದುಳಿಗೆ ಹೋಗುವ ರಕ್ತನಾಳವೂ ಅಲ್ಲೇ ಇದೆ. ಅದರೊಳಕ್ಕೆ ಒಂದು ಮಿ.ಲೀ. ಹೋದರೂ ಫಿಟ್ಸ್ ಬರಬಹುದು. ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿಕೊಂಡು ಸ್ವಲ್ಪಸ್ವಲ್ಪವೇ ಬಿಡುವುದು ಅದಕ್ಕೇ. ಸೂಜಿ ಒಳಗಿರುವಾಗ ಅಮ್ಮ ಮಾತಾಡಬಾರದು, ಉಗುಳು ನುಂಗಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಇಂಜೆಕ್ಷನ್ ಆದಮೇಲೆ ಸೂಜಿ ಚುಚ್ಚಿದ ಕಡೆಯ ರೆಪ್ಪೆ ಜೋಲುತ್ತದೆ, ಪಾಪೆ ಕಿರಿದಾಗುತ್ತದೆ, ಮೂಗು ಕಟ್ಟುತ್ತದೆ. ಗಾಬರಿ ಬೇಡ, ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ. ದನಿ ಗೊಗ್ಗರಾದರೆ ಅದು ಮರಳುವವರೆಗೆ ಊಟ ಕೊಡಬೇಡಿ, ನೆತ್ತಿಗೇರೀತು. ಉಸಿರು ಕಟ್ಟಿದಂತಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಿ.

ರೆಪ್ಪೆ ಜೋತ ಮಾತ್ರಕ್ಕೆ ಬ್ಲಾಕ್ ಕೈಗೆ ತಲುಪಿತು ಎಂದಲ್ಲ. ಅಂಗೈ ಮೊದಲಿಗಿಂತ 1–2 ಡಿಗ್ರಿಯಾದರೂ ಬೆಚ್ಚಗಾಗಬೇಕು. ಬೆರಳು ಜೋಮು ಹಿಡಿದಿದ್ದರೆ ಔಷಧಿ ಕೈಯ ಸಂವೇದನೆಯ ನರಗಳಿಗೂ ಹರಿದಿದೆ. ಆಗ ನೋವು ಇಳಿದರೂ ಅದರಿಂದ ಏನನ್ನೂ ತೀರ್ಮಾನಿಸಲಾಗದು.

ಒಂದೇ ಇಂಜೆಕ್ಷನ್‌ಗೆ ವಾಸಿಯಾಗುವುದು ಅಪರೂಪ. ಔಷಧಿ ಕೆಲವೇ ಗಂಟೆ. ಫಲಿಸಿದವರಿಗೆ ಉಪಶಮನ ಅದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಆ ಬಿಡುವನ್ನು ಮಲಗಿ ಕಳೆದರೆ ಸೂಜಿ ಚುಚ್ಚಿಸಿಕೊಂಡದ್ದೇ ದಂಡ. ಫಿಸಿಯೋಥೆರಪಿಗೆ ಅದೇ ದಿನ ಸಮಯ ಗೊತ್ತುಮಾಡಿ: ಬೆರಳು ಮಡಿಸಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು, ಚರ್ಮಕ್ಕೆ ಮೊದಲು ಹತ್ತಿ, ಆಮೇಲೆ ಒರಟು ಟವೆಲ್ ಸೋಕಿಸುವುದು. ಜೋಮು ಇದ್ದರೆ ಅದು ಇಳಿಯುವವರೆಗೆ ಕಾಯಿರಿ.

ಉಪಶಮನ ಎಷ್ಟು ಗಂಟೆ ಉಳಿಯಿತು, ಮುಷ್ಟಿ ಎಷ್ಟು ಮಡಿಚಿತು ಎಂದು ಬರೆದಿಡಿ. ಎರಡು ಸಲ ಕೈ ಬೆಚ್ಚಗಾಗಿಯೂ ನೋವು ಕದಲದಿದ್ದರೆ ಮೂರನೆಯ ಬ್ಲಾಕ್‌ಗೆ ಒಪ್ಪುವ ಮುನ್ನ ಬೇರೆ ದಾರಿ ಏನಿದೆ ಎಂದು ವೈದ್ಯರನ್ನು ಕೇಳಿ.