ಫ್ರಮ್ ಸಾಲಿನಲ್ಲಿ ಗ್ರಾಹಕರ ವಿಳಾಸ ಬೇಡ

ಪ್ರಶ್ನೆ: ಮೇಡಂ, ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟ. ನಮ್ಮ ವೆಬ್‌ಸೈಟಿನಲ್ಲಿ ಆರ್ಡರ್ ಫಾರ್ಮ್ ಇದೆ, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನನ್ನ ತಮ್ಮ ಬರೆದದ್ದು. ಬಾದಾಮಿ ಎಷ್ಟು ಬಾಕ್ಸ್, ಮಲ್ಲಿಕಾ ಎಷ್ಟು ಎಂದು ತುಂಬಿ ಒತ್ತಿದರೆ ನನ್ನ ಜಿಮೇಲ್‌ಗೆ ಬರಬೇಕು. ಹೆಚ್ಚಿನವು ಸ್ಪ್ಯಾಮ್‌ಗೆ ಹೋಗುತ್ತವೆ, ಕೆಲವು ಬರುವುದೇ ಇಲ್ಲ. ಬಂದರೂ ‘ಮಾವಿನ ಹಣ್ಣಿನ ಆರ್ಡರ್’ ಎಂಬ ಸಬ್ಜೆಕ್ಟ್ ಓದಲಾಗದಂತೆ ಕಾಣುತ್ತದೆ. ಸಬ್ಜೆಕ್ಟನ್ನು ಇಂಗ್ಲಿಷಿಗೆ ಬದಲಿಸಿ ಅಂತಾರೆ ಕೆಲವರು. ಕೋಡ್ ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ ಎಂದವರು, ಶ್ರೀನಿವಾಸಪುರ

ಉತ್ತರ: ಇಂಗ್ಲಿಷಿಗೆ ಬದಲಿಸಬೇಡಿ. ಕನ್ನಡದಲ್ಲೇ ಸರಿಯಾಗಿ ಬರುತ್ತದೆ. ಅದಕ್ಕಿಂತ ಮೊದಲು, ಮೇಲ್ ಯಾರಿಂದ ಬಂತು ಎಂದು ತೋರಿಸುವ ಫ್ರಮ್ ಸಾಲು ನೋಡೋಣ, ಸ್ಪ್ಯಾಮ್‌ನ ಮೂಲ ಅಲ್ಲೇ ಇದೆ.

ಗ್ರಾಹಕರು ಫಾರ್ಮ್‌ನಲ್ಲಿ ಕೊಟ್ಟ ಇಮೇಲನ್ನೇ ನಿಮ್ಮ ತಮ್ಮ ಫ್ರಮ್‌ಗೆ ಹಾಕಿದ್ದಾರೆ. ಮೇಲ್ ಹೊರಡುವುದು ನಿಮ್ಮ ಹೋಸ್ಟಿಂಗ್ ಸರ್ವರ್‌ನಿಂದ. ಹೆಸರು ಮಾತ್ರ ಗ್ರಾಹಕರ ಜಿಮೇಲ್‌ದು. ಬೇರೆಯವರ ಲೆಟರ್‌ಹೆಡ್‌ನಲ್ಲಿ ನೀವು ಪತ್ರ ಬರೆದ ಹಾಗೆ. ಇಂಥದ್ದನ್ನು ಹಿಡಿಯಲು ಜಿಮೇಲ್ ಮೂರು ಪರೀಕ್ಷೆ ಮಾಡುತ್ತದೆ: ಕಳಿಸಿದ ಸರ್ವರ್‌ಗೆ ಅನುಮತಿ ಇದೆಯೇ ಎಂದು ಎಸ್‌ಪಿಎಫ್ ನೋಡುತ್ತದೆ, ಸಹಿಯನ್ನು ಡಿಕಿಮ್ ನೋಡುತ್ತದೆ, ಇವುಗಳಲ್ಲಿ ಒಂದಾದರೂ ಫ್ರಮ್‌ನ ಡೊಮೈನ್‌ಗೆ (ವಿಳಾಸದಲ್ಲಿ @ ನಂತರದ ಹೆಸರಿಗೆ) ಹೊಂದುತ್ತದೆಯೇ ಎಂದು ಡಿಮಾರ್ಕ್ ನೋಡುತ್ತದೆ. ನಿಮ್ಮದು ಹೊಂದುವುದಿಲ್ಲ. ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕೆಂದು 2024ರ ಫೆಬ್ರುವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಗೂ ಕಡ್ಡಾಯ ಮಾಡಿದೆ.

ಹಾಗಾಗಿ ಫ್ರಮ್‌ನಲ್ಲಿ ನಿಮ್ಮದೇ ಡೊಮೈನಿನ ವಿಳಾಸ ಹಾಕಿ, ಗ್ರಾಹಕರದನ್ನು ರಿಪ್ಲೈ-ಟು ಸಾಲಿಗೆ ಹಾಕಿ. ನೀವು ರಿಪ್ಲೈ ಒತ್ತಿದರೆ ಅವರಿಗೇ ಹೋಗುತ್ತದೆ. ಪಿಎಚ್‌ಪಿಯ ಮೇಲ್ ಫಂಕ್ಷನ್ನಿನ ಐದನೆಯ ಜಾಗದಲ್ಲಿ ಮೈನಸ್ ಎಫ್ (-f) ಬರೆದು ಅದೇ ಡೊಮೈನಿನ ವಿಳಾಸ ಕೊಡಿ. ಇಲ್ಲದಿದ್ದರೆ ರಿಟರ್ನ್-ಪಾತ್‌ನಲ್ಲಿ, ಅಂದರೆ ತಲುಪದ ಮೇಲ್ ಹಿಂತಿರುಗುವ ವಿಳಾಸದಲ್ಲಿ, ಹೋಸ್ಟಿಂಗ್‌ನವರ ಹೆಸರು ಕೂರುತ್ತದೆ. ಎಸ್‌ಪಿಎಫ್ ಪರೀಕ್ಷೆ ನಡೆಯುವುದು ಆ ವಿಳಾಸದ ಮೇಲೆ. ಎಸ್‌ಪಿಎಫ್, ಡಿಕಿಮ್ ಎರಡನ್ನೂ ಡಿಎನ್‌ಎಸ್‌ನಲ್ಲಿ (ನಿಮ್ಮ ಡೊಮೈನಿನ ಸಾರ್ವಜನಿಕ ದಾಖಲೆಯಲ್ಲಿ) ಸೇರಿಸಿಕೊಡಲು ಹೋಸ್ಟಿಂಗ್‌ನವರನ್ನು ಕೇಳಿ.

ಇನ್ನು ಕನ್ನಡ. ಮೇಲ್‌ನ ಹೆಡರ್‌ಗಳು (ಫ್ರಮ್, ಸಬ್ಜೆಕ್ಟ್‌ನಂಥ ಮೇಲಿನ ಸಾಲುಗಳು) ಹುಟ್ಟಿದ್ದು ಬರೀ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ. ಬೇರೆ ಲಿಪಿಗಳನ್ನು ಬೇಸ್64ರಲ್ಲಿ, ಅಂದರೆ ಆಸ್ಕಿ ಅಕ್ಷರಗಳಾಗಿ ಬದಲಿಸಿ, ಸುತ್ತಿ ಕಳಿಸುವ ಕ್ರಮ ಆರ್‌ಎಫ್‌ಸಿ 2047 ಎಂಬ 1996ರ ಇಂಟರ್ನೆಟ್ ನಿಯಮ ದಾಖಲೆಯಲ್ಲಿದೆ. ‘ಹಣ್ಣು’ ನಮಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಒತ್ತು, ಕೊಂಬು ಸೇರಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್, ಬೇಸ್64ರಲ್ಲಿ 20 ಅಕ್ಷರ. ಹೀಗೆ ಸುತ್ತಿದ ಒಂದು ತುಂಡಿಗೆ ಮಿತಿ 75 ಅಕ್ಷರ, ಉದ್ದದ ಸಬ್ಜೆಕ್ಟನ್ನು ತುಂಡು ಮಾಡಬೇಕು. ಕೈಯಲ್ಲಿ ಕತ್ತರಿಸಲು ಹೋದರೆ ಒಂದು ಸಂಕೇತದ ಬೈಟ್‌ಗಳ ನಡುವೆಯೇ ಮುರಿಯಬಹುದು. ಎಂಬಿ-ಎನ್‌ಕೋಡ್-ಮೈಮ್‌ಹೆಡರ್ ಎಂಬ ಫಂಕ್ಷನ್ ಇದನ್ನೆಲ್ಲ ಮಾಡಿಕೊಡುತ್ತದೆ. ಒಳಗಿನ ಬರಹಕ್ಕೆ ಮೈಮ್-ವರ್ಷನ್ 1.0, ಕಂಟೆಂಟ್-ಟೈಪ್‌ನಲ್ಲಿ ಟೆಕ್ಸ್ಟ್ ಪ್ಲೇನ್, ಕ್ಯಾರ್‌ಸೆಟ್ ಯುಟಿಎಫ್-8 ಇರಲಿ.

ನೀವು ಕೇಳದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದಿದೆ. ಫಾರ್ಮ್‌ನಲ್ಲಿ ಬಂದದ್ದನ್ನು ಪರೀಕ್ಷಿಸದೆ ಹೆಡರ್‌ಗೆ ಅಂಟಿಸಲಾಗಿದೆ. ಇಮೇಲ್ ಜಾಗದಲ್ಲಿ ಯಾರಾದರೂ ಹೊಸ ಸಾಲಿನ ಗುರುತು ಸೇರಿಸಿ ಬಿಸಿಸಿ (ಗುಟ್ಟಾಗಿ ಪ್ರತಿ ಕಳಿಸುವ ಸಾಲು) ಎಂದು ಬರೆದು ವಿಳಾಸಗಳ ಪಟ್ಟಿ ತುರುಕಿದರೆ, ನಿಮ್ಮ ತೋಟದ ಹೆಸರಿನಲ್ಲಿ ಕಸದ ಮೇಲ್ ಊರೆಲ್ಲ ಹೋಗುತ್ತದೆ. ಪಿಎಚ್‌ಪಿಯ ಫಿಲ್ಟರ್-ವಾರ್ ಫಂಕ್ಷನ್ನಿನಲ್ಲಿ ಇಮೇಲ್ ಪರೀಕ್ಷಿಸಿ, ತಪ್ಪಿದ್ದರೆ ಅಲ್ಲೇ ನಿಲ್ಲಿಸಿ. ಇದನ್ನು ಇವತ್ತೇ ಮಾಡಿಸಿ. ಪಿಎಚ್‌ಪಿ 7.2ರಿಂದ ಹೆಡರ್‌ಗಳನ್ನು ಅರೇ (ಪಟ್ಟಿ) ಆಗಿ ಕೊಡಬಹುದು; ಸಾಲಿನ ಕೊನೆಯ ಗುರುತುಗಳನ್ನು ನೀವೇ ಜೋಡಿಸಬೇಕಿಲ್ಲ.

ಮೇಲ್ ಫಂಕ್ಷನ್ ‘ಟ್ರೂ’ ಅಂದರೆ ಮೇಲ್ ತಲುಪಿತು ಅಂತಲ್ಲ, ಸರ್ವರ್‌ನ ಮೇಲ್ ಪ್ರೋಗ್ರಾಂ ಅದನ್ನು ತೆಗೆದುಕೊಂಡಿತು ಅಂತ ಅಷ್ಟೇ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎದುರು ‘ಪಾಸ್’ ಇಲ್ಲದಿದ್ದರೆ ಆ ಸಾಲುಗಳನ್ನು ನನಗೆ ಕಳಿಸಿ, ಗ್ರಾಹಕರ ವಿಳಾಸ ಅಳಿಸಿ.