ಫೋಟೊ ಶಾರ್ಪ್ ಇಲ್ಲ ಅಂತಾರೆ. ದುಬಾರಿ ಲೆನ್ಸ್ ತಗೊಳ್ಳಲಾ, ಇಲ್ಲ ಫೋಟೊ ತೆಗೆಯೋದನ್ನೇ ಬಿಡಲಾ?

ಎರಡೂ ಬೇಡ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನಗೆ ನೆನಪಾಗಿದ್ದು ನಮ್ಮನೆ ಬೀರುವಿನ ಮೇಲಿದ್ದ ಕಪ್ಪು ಚರ್ಮದ ಬ್ಯಾಗು.

ನಾನು ಶಿವಮೊಗ್ಗದವನು. ಇಲ್ಲಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಿಂತಿದ್ದೆ. ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುತ್ತಿದ್ದ ಒಂದು ಬೆಳ್ಳಕ್ಕಿ ಕ್ಯಾಮೆರಾಕ್ಕೆ ಸಿಕ್ಕಿತು. ಒಂದು ವಾರ ಆ ಫೋಟೊವನ್ನೇ ನೋಡಿಕೊಂಡು ಕೂತಿದ್ದೆ.

ಆಮೇಲೆ ಒಂದು ಫೋಟೊಗ್ರಫಿ ಶಿಬಿರದಲ್ಲಿ ತೋರಿಸಿದೆ. ಹಿರಿಯರೊಬ್ಬರು ಪರದೆ ಮೇಲೆ ಹಾಕಿಸಿ ಜೂಮ್ ಮಾಡಿಸಿದರು. "ರೆಕ್ಕೆಯಲ್ಲಿ ಡೀಟೇಲೇ ಇಲ್ಲ, ಸುಣ್ಣ ಬಳಿದಂಗಿದೆ. ಹೊಳೆ ಒಂದು ಕಡೆ ಚೆಲ್ಲಿಹೋಗ್ತಿದೆ." ಎಲ್ಲರೂ ನಕ್ಕರು. ಬೇಜಾರು ಏನಂದರೆ, ಅವರು ಹೇಳಿದ್ದು ಸರಿಯೇ. ಸುತ್ತ ಕಪ್ಪು ಎಲೆ ಜಾಸ್ತಿ ಇದ್ದರೆ ಕ್ಯಾಮೆರಾ ಮೋಸ ಹೋಗಿ ಬೆಳಕು ಏರಿಸುತ್ತದೆ, ಬಿಳಿ ಹಕ್ಕಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದ್ದರೆ, ಅಂದರೆ ಒಳಗೆ ಬರುವ ಬೆಳಕನ್ನು ಅರ್ಧಕ್ಕೆ ಇಳಿಸಿದ್ದರೆ, ಸಾಕಿತ್ತು. ಎರಡು ನಿಮಿಷದ ಪಾಠ. ಕಲಿತುಕೊಂಡು ಮಾರನೇ ದಿನವೇ ಮಂಡಗದ್ದೆಗೆ ಹೋಗಬೇಕಿತ್ತು, ಅಲ್ವಾ?

ನಾನು ಕ್ಯಾಮೆರಾನ ಬ್ಯಾಗಿಗೆ ತುರುಕಿ ಬೀರುವಿನ ಮೇಲಿಟ್ಟೆ. ಎರಡು ಮಳೆಗಾಲ ಅದನ್ನು ಮುಟ್ಟಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದರೆ ನೀವೂ ಇದನ್ನೇ ಮಾಡುವ ಲಕ್ಷಣ ಕಾಣುತ್ತಿದೆ. ನಮ್ಮ ಕಡೆ ಜೂನ್ ಬಂತೆಂದರೆ ಚಪ್ಪಲಿ, ಬೆಲ್ಟು, ದೇವರ ಫೋಟೊ, ಎಲ್ಲಕ್ಕೂ ಬೂಷ್ಟು. ಲೆನ್ಸಿಗೂ ಅಷ್ಟೇ. ಗಾಳಿಯಲ್ಲಿ ತೇವ ಶೇ. 60 ದಾಟಿ, ಕತ್ತಲೂ ಇದ್ದರೆ ಗಾಜಿನ ಮೇಲೆ ಫಂಗಸ್ ಹುಟ್ಟುತ್ತದೆ. ಚರ್ಮದ ಬ್ಯಾಗು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಂದರೆ ನಾನು ಅದಕ್ಕೆ ಮನೆ ಕಟ್ಟಿಕೊಟ್ಟ ಹಾಗಾಯಿತು. ಹಾಗೇ ಬಿಟ್ಟರೆ ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗಲ್ಲ. ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟಿದ್ದರೆ ಆಗುತ್ತಿತ್ತು. ಸುಮ್ನೆ ವಾರಕ್ಕೊಮ್ಮೆ ಹೊರಗೆ ತೆಗೆದು ಬೆಳಕಿಗೆ ಹಿಡಿದು ನಾಲ್ಕು ಫೋಟೊ ತೆಗೆದಿದ್ದರೂ ಬಹುಶಃ ಉಳಿಯುತ್ತಿತ್ತು. ಕೊನೆಗೆ ಇಳಿಸಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆ ಥರ ಬಿಳಿ ಎಳೆಗಳು. ರಿಪೇರಿಯವನು ಕೇಳಿದ ದುಡ್ಡಿಗೆ ಅಂಥದೇ ಇನ್ನೊಂದು ಹಳೇ ಲೆನ್ಸ್ ಬರುತ್ತಿತ್ತು.

ಹೇಗೂ ಹಾಳಾಗಿದೆ ಅಂತ ಅದನ್ನೇ ತಗೊಂಡು ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಗೆ ಹೋದೆ. ಅಡಿಕೆ ಕೊಯ್ಲಿನ ಕಾಲ. ರಾತ್ರಿ ಚಪ್ಪರದಡಿ ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ಆ ಕಡೆ ಅಡಿಕೆ ಬೇಯಿಸುವ ಹಂಡೆಯಿಂದ ಚೊಗರಿನ ವಾಸನೆಯ ಹಬೆ. ಫಂಗಸ್ ಇರುವ ಲೆನ್ಸನ್ನು ಬಲ್ಬಿನ ಕಡೆ ತಿರುಗಿಸಿದರೆ ಬೆಳಕು ಚೆದುರುತ್ತದೆ. ಪ್ರತಿ ಬಲ್ಬಿನ ಸುತ್ತಲೂ ಒಂದು ಮಸುಕು ಹೊಳಪು, ಅದರಲ್ಲಿ ಅವರ ಕೈಗಳು. ಅಪ್ಪಟ ತಪ್ಪು ಫೋಟೊ. ಒಬ್ಬರು ಕತ್ತಿ ಬಿಟ್ಟು ಎದ್ದು ಬಂದು ಸ್ಕ್ರೀನ್ ನೋಡಿದರು. "ಇದೇನು ಮಾರಾಯ, ಬಲ್ಬಿಗೆ ಮಂಜು ಬಿದ್ದಂಗೆ ಕಾಣ್ತದಲ್ಲ! ನನ್ನ ಮಗಳಿಗೆ ಕಳಿಸು." ಆ ರಾತ್ರಿ ಬ್ಯಾಟರಿ ಮುಗಿಯುವವರೆಗೂ ತೆಗೆದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಟೀಕೆ ಮಾಡಿದವರು ಹೇಳಿದ್ದರಲ್ಲಿ ಕಲಿಯುವಂಥದ್ದು ಇದ್ದರೆ ಕಲಿಯಿರಿ, ಅವರನ್ನು ಮೆಚ್ಚಿಸೋಕೆ ಸಾಲ ಮಾಡಿ ಲೆನ್ಸ್ ತರಬೇಡಿ. ದುಡ್ಡಿದ್ದರೆ ಸಿಲಿಕಾ ಜೆಲ್ ತನ್ನಿ.

ಹೋದ ಮಳೆಗಾಲ ಮತ್ತೆ ಮಂಡಗದ್ದೆಗೆ ಹೋಗಿದ್ದೆ. ಈ ಸಲ ಒಂದು ಸ್ಟಾಪ್ ಇಳಿಸಿದ್ದೆ, ರೆಕ್ಕೆಯ ಒಂದೊಂದು ಗರಿಯೂ ಬಂದಿದೆ. ಹೊಳೆ ಮಾತ್ರ ಈಗಲೂ ಒಂದು ಕಡೆ ವಾಲಿದೆ. ಕೊಡೆ ಕುತ್ತಿಗೆಯಲ್ಲೇ ಇತ್ತು.