ಅಪ್‌ಡೇಟ್ ನಿಲ್ಲಿಸುವ ಮೊದಲು ಮಾಡಿದ್ದು ಯಾರು ಅಂತ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಹೋಮ್ ಇದೆ, ಅಪ್‌ಡೇಟ್ ಆದಾಗಲೆಲ್ಲ ಏನಾದರೊಂದು ಕೆಡುತ್ತದೆ, ಈ ಸಲ ಸೌಂಡ್ ಹೋಗಿದೆ. ಇನ್ನು ಮುಂದೆ ಅಪ್‌ಡೇಟೇ ಆಗದ ಹಾಗೆ ಮಾಡುವುದು ಹೇಗೆ? ಸೌಂಡ್ ವಿಷಯ ಆಮೇಲೆ ಹೇಳುತ್ತೇನೆ. ‘ಅಪ್‌ಡೇಟೇ ಬೇಡ’ ಅನ್ನುವ ದಾರಿಯಲ್ಲಿ ನಾನೊಮ್ಮೆ ಹೋಗಿ ಕೈ ಸುಟ್ಟುಕೊಂಡಿದ್ದೇನೆ. ಮೊದಲು ಅದನ್ನು ಕೇಳಿ.

ನನ್ನ ಹೆಂಡತಿ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತಾಳೆ. ವಾರಕ್ಕೊಂದು ಟೆಸ್ಟ್, ಅದಕ್ಕೆ ಇಪ್ಪತ್ತು ಪ್ರಿಂಟ್. ಪ್ರಿಂಟರ್ ಹಳೆಯದು, ಆದರೆ ಯಾವತ್ತೂ ಕೈಕೊಟ್ಟದ್ದಲ್ಲ. ಒಂದು ಬುಧವಾರ ಬೆಳಿಗ್ಗೆ ಪ್ರಶ್ನೆಪತ್ರಿಕೆ ಪ್ರಿಂಟ್‌ಗೆ ಕೊಟ್ಟರೆ, ಹಾಳೆಯ ಮೇಲ್ತುದಿಯಲ್ಲಿ ಒಂದೇ ಒಂದು ಸಾಲು ಬಂತು. ಶೇಕಡಾ ಚಿಹ್ನೆ, ಒಂದು ಅಡ್ಡಗೆರೆ, 12345, ಆಮೇಲೆ ಒಂದಷ್ಟು ಇಂಗ್ಲಿಷ್ ಅಕ್ಷರಗಳು. ಉಳಿದದ್ದೆಲ್ಲ ಖಾಲಿ. ಮುಂದಿನ ಹಾಳೆಯಲ್ಲಿ ಇನ್ನೊಂದು ಸಾಲು ಕಸ. ಅದರ ಮುಂದಿನದರಲ್ಲಿ ಇನ್ನೊಂದು. ಕ್ಯಾನ್ಸಲ್ ಒತ್ತಿದರೂ ಕೇಳಲಿಲ್ಲ. ಪ್ಲಗ್ ಕೀಳುವಷ್ಟರಲ್ಲಿ ನಲವತ್ತು ಹಾಳೆ ಹೋಗಿತ್ತು.

ಡ್ರೈವರ್, ಅಂದರೆ ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ತಿಳಿಯುವ ಹಾಗೆ ದಾಟಿಸುವ ಪ್ರೋಗ್ರಾಂ, ಬದಲಾದಾಗ ಹೀಗಾಗುತ್ತದೆ. ಕಂಪ್ಯೂಟರ್ ಕಳಿಸುವ ಆಜ್ಞೆ ಪ್ರಿಂಟರಿಗೆ ಅರ್ಥವಾಗುವುದಿಲ್ಲ, ಅದು ಆಜ್ಞೆಯನ್ನೇ ಅಕ್ಷರ ಅಂದುಕೊಂಡು ಅಚ್ಚು ಹಾಕುತ್ತದೆ. ಅಡುಗೆ ಭಟ್ಟರಿಗೆ ಕೊಟ್ಟ ಸಾಮಾನಿನ ಚೀಟಿಯನ್ನೇ ಎಲೆಗೆ ಬಡಿಸಿದ ಹಾಗೆ.

ಹಿಂದಿನ ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿತ್ತು. ಇನ್ನೇನು, ಕಳ್ಳ ಸಿಕ್ಕಿದ ಅಂದುಕೊಂಡೆ. ಹಳೆಯ ಡ್ರೈವರ್ ಮತ್ತೆ ಹಾಕಿದೆ. ಯೂಟ್ಯೂಬ್ ನೋಡಿ, ಸರ್ವಿಸಸ್ (ತೆರೆಯ ಹಿಂದೆ ಸದಾ ಓಡುವ ಪ್ರೋಗ್ರಾಂಗಳು) ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟನ್ನು ಡಿಸೇಬಲ್ ಮಾಡಿದೆ. ಕೆಲವು ದಿನಕ್ಕೆ ಅದು ತಾನಾಗಿಯೇ ಮತ್ತೆ ಶುರುವಾಗಿತ್ತು. ಯಾಕೆಂದರೆ ಅದನ್ನು ರಿಪೇರಿ ಮಾಡಿ ಎಬ್ಬಿಸುವುದಕ್ಕೆಂದೇ ‘ಅಪ್‌ಡೇಟ್ ಮೆಡಿಕ್’ ಅಂತ ಇನ್ನೊಂದು ಸರ್ವಿಸ್ ಇದೆ, ಹೆಸರಿಗೆ ತಕ್ಕ ಡಾಕ್ಟರು! ನನಗೂ ಹಟ ಬಂತು. ಎಲ್ಲಿಂದಲೋ ಒಂದು ಉಚಿತ ‘ಬ್ಲಾಕರ್’ ಇಳಿಸಿ ಅದನ್ನೂ ಓಡಿಸಿದೆ.

ಈಗ ಅಪ್‌ಡೇಟ್ ನಿಜವಾಗಿಯೂ ನಿಂತಿತು. ಜೊತೆಗೆ ಸ್ಟೋರ್‌ನಿಂದ ಆಪ್ ಇಳಿಸುವುದೂ ನಿಂತಿತು. ಕನ್ನಡ ಭಾಷೆಯ ಪ್ಯಾಕ್ ಹಾಕಲು ಹೋದರೆ 0x80070422 ಅನ್ನುವ ಎರರ್. ಅದರ ಅರ್ಥ, ಬೇಕಾದ ಸರ್ವಿಸನ್ನು ಯಾರೋ ಡಿಸೇಬಲ್ ಮಾಡಿದ್ದಾರೆ. ಆ ಯಾರೋ ನಾನೇ. ಇಷ್ಟೆಲ್ಲ ಆದಮೇಲೆ ಮುಂದಿನ ವಾರ ಪ್ರಿಂಟರ್ ಮತ್ತೆ ಅದೇ ಶೇಕಡಾ ಚಿಹ್ನೆ ಉಗುಳಿತು!

ಆಗ ತಲೆಗೆ ಹೊಳೆದದ್ದು ರಿಲಯಬಿಲಿಟಿ ಹಿಸ್ಟರಿ. ಇದು ವಿಂಡೋಸಿನಲ್ಲಿ ಎಷ್ಟೋ ವರ್ಷದಿಂದ ಇದೆ, ನೋಡುವವರು ಕಡಿಮೆ. ಸ್ಟಾರ್ಟ್ ಒತ್ತಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತದೆ. ತೆರೆದರೆ ದಿನದಿನಕ್ಕೂ ಒಂದೊಂದು ಕಂಬ. ಏನಾದರೂ ಕ್ರ್ಯಾಶ್ ಆಗಿದ್ದರೆ ಕೆಂಪು ಗುರುತು, ಏನಾದರೂ ಇನ್‌ಸ್ಟಾಲ್ ಆಗಿದ್ದರೆ ನೀಲಿ. ದಿನದ ಮೇಲೆ ಕ್ಲಿಕ್ ಮಾಡಿದರೆ ಹೆಸರು, ಸಮಯ ಎಲ್ಲ ಕೆಳಗೆ ಬರುತ್ತದೆ. ನಮ್ಮ ಮನೆಯಲ್ಲಿ ಕೆಟ್ಟ ಎರಡು ಸಲವೂ ಹಿಂದಿನ ಸಂಜೆ ನೀಲಿ ಗುರುತು ಇತ್ತು. ಹೆಸರು ನೋಡಿದರೆ ವಿಂಡೋಸಿನದಲ್ಲ. ಪ್ರಿಂಟರ್ ಜೊತೆ ಬಂದ ಸಿ.ಡಿ.ಯಿಂದ ಒಳಗೆ ಸೇರಿಕೊಂಡಿದ್ದ, ಆ ಪ್ರಿಂಟರ್ ಕಂಪನಿಯದೇ ಒಂದು ಸಹಾಯಕ ಪ್ರೋಗ್ರಾಂ. ಅದು ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಿತ್ತು, ಹಾಗೇ ನಮ್ಮ ಮಾಡೆಲ್ಲಿಗೆ ಹೊಂದದ ಹೊಸ ಡ್ರೈವರನ್ನೂ ಕೂರಿಸುತ್ತಿತ್ತು. ಮೊದಲ ಸಲ ಅದೇ ರಾತ್ರಿ ವಿಂಡೋಸ್ ಅಪ್‌ಡೇಟ್ ಬಂದದ್ದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕಥೆ. ಆ ಸಹಾಯಕನನ್ನು ಅನ್‌ಇನ್‌ಸ್ಟಾಲ್ ಮಾಡಿ ಡ್ರೈವರ್ ಒಂದನ್ನೇ ಉಳಿಸಿಕೊಂಡೆ. ಹತ್ತು ನಿಮಿಷದ ಕೆಲಸ. ಬ್ಲಾಕರ್ ಮಾಡಿಟ್ಟಿದ್ದ ಗಾಯ ಸರಿಮಾಡುವುದಕ್ಕೆ ಮಾತ್ರ ಒಂದು ಭಾನುವಾರ ಪೂರ್ತಿ ಹೋಯಿತು.

ಹಾಗಂತ ನಿಮ್ಮ ಸಿಟ್ಟು ಸುಮ್ನೆ ಬಂದದ್ದು ಅನ್ನುವುದಿಲ್ಲ. 2016ರ ಮೇ ತಿಂಗಳಲ್ಲಿ ವಿಂಡೋಸ್ 10ಕ್ಕೆ ಬನ್ನಿ ಅನ್ನುವ ಕಿಟಕಿಯನ್ನು ಮೂಲೆಯ ಎಕ್ಸ್ ಒತ್ತಿ ಮುಚ್ಚಿದರೂ, ನಿಗದಿಯಾಗಿದ್ದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ. ಅಂಥದ್ದೇ ಬೇಡದ ಅಪ್‌ಗ್ರೇಡ್ ವಿಷಯಕ್ಕೆ ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ಕೋರ್ಟಿಗೆ ಹೋಗಿ 10,000 ಡಾಲರ್ ಗೆದ್ದರು. 2018ರ ಅಕ್ಟೋಬರಿನ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿತ್ತು. ಕೆಲವೇ ದಿನದಲ್ಲಿ ಅದನ್ನು ತಡೆಹಿಡಿದು, ನವೆಂಬರಿನಲ್ಲಿ ಮತ್ತೆ ಬಿಟ್ಟರು. ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದೇ.

ಆದರೆ ಪೂರ್ತಿ ನಿಲ್ಲಿಸಬೇಡಿ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಅನ್ನುವ ಕೆಟ್ಟ ಪ್ರೋಗ್ರಾಂ ಹರಡಿತಲ್ವಾ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಅದನ್ನು ಹಾಕಿಕೊಳ್ಳದವರ ಫೈಲುಗಳಿಗೆ ಬೀಗ ಬಿತ್ತು.

ನಾನು ಈಗ ಮಾಡುವುದು ಸ್ವಲ್ಪ ತಡ ಮಾಡಿ ಹಾಕಿಕೊಳ್ಳುವುದು, ಅಷ್ಟೇ. ವಿಂಡೋಸಿನ ತಿಂಗಳ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತಕ್ಕೆ. ನಮಗೆ ಅದು ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಿ ಹನ್ನೊಂದೂವರೆ. ಅದಕ್ಕೇ ನಮ್ಮಲ್ಲಿ ಬುಧವಾರ, ಗುರುವಾರ ಬೆಳಿಗ್ಗೆ ಈ ಗೋಳು ಜಾಸ್ತಿ. ಆ ಮಂಗಳವಾರಕ್ಕೆ ಮೊದಲೇ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋಗಿ ಎರಡು ವಾರ ‘ಪಾಸ್’ (pause, ಅಂದರೆ ಸದ್ಯಕ್ಕೆ ತಡೆ) ಇಡುತ್ತೇನೆ. ಐದು ವಾರದವರೆಗೂ ಇಡಬಹುದು, ಹೋಮ್‌ನಲ್ಲೂ ಇದೆ. ಅಷ್ಟರಲ್ಲಿ ತೊಂದರೆ ಇದ್ದರೆ ಬೇರೆಯವರು ಕೂಗಿಕೊಂಡಿರುತ್ತಾರೆ, ಕಂಪನಿ ಸರಿಮಾಡಿರುತ್ತದೆ. ಅದೇ ಪುಟದಲ್ಲಿ ‘ಗೆಟ್ ದ ಲೇಟೆಸ್ಟ್ ಅಪ್‌ಡೇಟ್ಸ್’ ಅಂತ ಒಂದು ಸ್ವಿಚ್ ಇದೆ, ಅದು ಆಫ್ ಇರಲಿ. ಆನ್ ಇದ್ದರೆ ಇನ್ನೂ ಹಣ್ಣಾಗದ್ದು ನಿಮಗೆ ಮೊದಲು ಬರುತ್ತದೆ. ಆಪ್ಷನಲ್ ಅಪ್‌ಡೇಟ್ಸ್‌ನಲ್ಲಿ ಡ್ರೈವರುಗಳ ಪಟ್ಟಿ ಕಂಡರೆ, ಎಲ್ಲ ಚೆನ್ನಾಗಿ ಓಡುತ್ತಿರುವಾಗ ಟಿಕ್ ಹಾಕಬೇಡಿ. ಇನ್ನೊಂದು, ಅಪ್‌ಡೇಟ್ ಹಾಕುವ ದಿನ ಕರೆಂಟ್ ಹೋಗುವ ಹೊತ್ತು ನೋಡಿಕೊಳ್ಳಿ. ಯು.ಪಿ.ಎಸ್. ಇಲ್ಲದ ಡೆಸ್ಕ್‌ಟಾಪ್ ಅರ್ಧದಲ್ಲಿ ಆರಿಹೋದರೆ ಅದು ಬೇರೆಯೇ ರಗಳೆ.

ಈಗ ನಿಮ್ಮ ಸೌಂಡ್. ಏನನ್ನೂ ಕೀಳುವ ಮೊದಲು ಕೆಳಗಿನ ಸ್ಪೀಕರ್ ಚಿತ್ರ ಒತ್ತಿ, ಸೌಂಡ್ ಎಲ್ಲಿಗೆ ಹೋಗುತ್ತಿದೆ ಅಂತ ನೋಡಿ. ಎಚ್.ಡಿ.ಎಂ.ಐ. ಕೇಬಲ್ಲಿನ ಮಾನಿಟರ್ ಇದ್ದರೆ, ಅಪ್‌ಡೇಟ್ ಆದಮೇಲೆ ಎಷ್ಟೋ ಸಲ ಅದನ್ನೇ ಸ್ಪೀಕರ್ ಅಂದುಕೊಂಡಿರುತ್ತದೆ. ಸ್ಪೀಕರೇ ಇಲ್ಲದ ಮಾನಿಟರಿಗೆ ಹಾಡು ಕಳಿಸಿದರೆ ಕೇಳುವುದಾದರೂ ಯಾರಿಗೆ? ಅಲ್ಲಿ ಸರಿಯಿದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ. ಸೌಂಡ್ ಕಾರ್ಡಿನ ಪ್ರಾಪರ್ಟೀಸ್ ತೆರೆದು ಡ್ರೈವರ್ ಟ್ಯಾಬಿನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಅಂತ ಅರ್ಥ. ಆಗ ಕಂಪ್ಯೂಟರ್ ಮಾಡಿದ ಕಂಪನಿಯ ತಾಣದಲ್ಲಿ ಮಾಡೆಲ್ ನಂಬರ್ ಕೊಟ್ಟು ಹುಡುಕಬೇಕು. ವಿಂಡೋಸ್ ಅಪ್‌ಡೇಟೇ ಕಾರಣ ಅಂತ ಖಾತ್ರಿಯಾದರೆ, ಅಪ್‌ಡೇಟ್ ಹಿಸ್ಟರಿಯ ಕೆಳಗಿರುವ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ನಲ್ಲಿ ಆ ಅಪ್‌ಡೇಟಿನ ಕೆ.ಬಿ. ನಂಬರ್ (ಅಪ್‌ಡೇಟಿನ ಗುರುತಿನ ಸಂಖ್ಯೆ) ನೋಡಿ ಅದೊಂದನ್ನೇ ತೆಗೆಯಿರಿ, ತೆಗೆದ ಕೂಡಲೇ ಪಾಸ್ ಇಡಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಅದೇ ವಾಪಸ್ ಬಂದಿರುತ್ತದೆ.

ರಿಲಯಬಿಲಿಟಿ ಹಿಸ್ಟರಿಯಲ್ಲಿ ಸೌಂಡ್ ಹೋದ ಹಿಂದಿನ ದಿನ ನೀಲಿ ಗುರುತಿನ ಮುಂದೆ ಏನಿದೆ ಅಂತ ನೋಡಿ, ಆ ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ.